ಗರಿಕೆಗೆ ಬಂದ ಕಾಲ

ನಮ್ಮೂರಿನ ಗಾಲ್ಫ್ ಮೈದಾನವನ್ನು ಅಂತಾರಾಷ್ಟ್ರೀಯ ದರ್ಜೆಗೆ ಏರಿಸುವ ಸುದ್ದಿಯನ್ನೂ ಅದರ ಜೊತೆ ಅಚ್ಚಾಗಿದ್ದ ವರ್ಣಚಿತ್ರವನ್ನೂ ಕೋಲಾರ ಸೀಮೆಯವರೆಲ್ಲ ನೋಡಿದ್ದಾಗಿದೆ. ಚಿತ್ರದಲ್ಲಿ ಒಂದು ಕೊಳ, ಕೊಳದಲ್ಲಿ ಎರಡು ಬಿಳಿ ಬಾತುಕೋಳಿ, ದಡದಲ್ಲಿ ಬಿಸಿಲು ಕಂಡರಿಯದ ಮೈಬಣ್ಣದ ನಾಲ್ವರು ಆಟಗಾರರು. ಒಂದು ನದಿಯೂ ವರ್ಷವಿಡೀ ಹರಿಯದ ಜಿಲ್ಲೆಗೆ ಬಾತುಕೋಳಿಗಳು ಎಲ್ಲಿಂದ ಬಂದವೆಂದು ಕೇಳುವಷ್ಟು ಅರಸಿಕ ನಾನಲ್ಲ. ನನ್ನ ಸಂಕಟ ಬೇರೆ: ಈಗಿರುವ ಮೈದಾನದ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿದೆ.

ಮೊದಲ ದಿನ ನಾನೂ ನಕ್ಕಿದ್ದೆ. ಚೆಂಡು ಬೀಳಿಸಬೇಕಾದ ಕುಳಿಗಳು ಒಂಬತ್ತೇ, ಸುತ್ತ ಜಾಲಿ, ಮಧ್ಯಾಹ್ನ ಮೂರರ ನಂತರ ಮೇಕೆಗಳಿಗೆ ಆದ್ಯತೆ. ಕುಳಿಯ ಸುತ್ತ ನುಣುಪಾದ ಹುಲ್ಲಿನ ‘ಗ್ರೀನ್’ ಇರಬೇಕಾದ ಕಡೆ ಇಲ್ಲಿರುವುದು ‘ಬ್ರೌನ್’, ಅಂದರೆ ಗಾಳಿಗೆ ಹಾರದಂತೆ ಹಳೆಯ ಇಂಜಿನ್ ಆಯಿಲ್ ಬೆರೆಸಿ ಹರಡಿದ ಮರಳಿನ ವೃತ್ತ. ಪ್ರತಿ ಆಟಗಾರನ ಸರದಿಗೆ ಮೊದಲು, ಆಟಗಾರರ ಚೀಲ ಹೊರುವ ಹಿರಿಯ ಕ್ಯಾಡಿಯೊಬ್ಬರು ಅರ್ಧ ಮಣ್ಣು ತುಂಬಿದ ಗೋಣಿಚೀಲಕ್ಕೆ ಹಗ್ಗ ಕಟ್ಟಿ, ಕುಳಿಯಿಂದ ಹೊರಟು ಸುತ್ತುಸುತ್ತಾಗಿ ಎಳೆಯುತ್ತಾ, ಹಿಂದಿನವರ ಹೆಜ್ಜೆಗಳನ್ನೂ ಅವರು ತಪ್ಪಿಸಿಕೊಂಡ ಹೊಡೆತಗಳ ಗೆರೆಗಳನ್ನೂ ಅಳಿಸುತ್ತಾರೆ. ಬೆಳಗಿನ ಬಿಸಿಲಿಗೆ ಆ ಮರಳು ಆಗ ತಾನೇ ಸಾರಿಸಿದ ಅಂಗಳದಂತೆ ಕಾಣುತ್ತದೆ. ವಾಸನೆ ಮಾತ್ರ ಲಾರಿ ಗ್ಯಾರೇಜಿನದು.

ಐದನೆಯ ಕುಳಿಯ ದಾರಿಯಲ್ಲಿರುವ ಹುತ್ತದ ವಿಷಯವನ್ನಂತೂ ಬಿಡುವಂತಿಲ್ಲ. 2019ರಲ್ಲಿ ಪರಿಷ್ಕೃತವಾದ ಗಾಲ್ಫ್ ನಿಯಮಗಳ ಪ್ರಕಾರ ಕೀಟಗಳು ಕಟ್ಟಿದ ದಿಬ್ಬವೂ ಉದುರಿದ ತರಗೆಲೆಯೂ ಒಂದೇ. ಎರಡನ್ನೂ ದಂಡವಿಲ್ಲದೆ ತೆಗೆದುಹಾಕಬಹುದು. ಎದೆಯೆತ್ತರ ಬೆಳೆದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನಾಗರಪಂಚಮಿಗೆ ತನಿ ಎರೆಸಿಕೊಳ್ಳುವ ದಿಬ್ಬವನ್ನು ಆ ನಿಯಮ ಬರೆದವರು ಕಂಡಿರಲಾರರು. ನಮ್ಮಲ್ಲಿ ಚೆಂಡು ಹುತ್ತದ ಬುಡಕ್ಕೆ ಹೋದರೆ ಬೂಟು ಕಳಚಿಟ್ಟು ಹೋಗಿ ತರಬೇಕು; ಬಾಯೊಳಗೇ ಇಳಿದರೆ ಅದು ನಾಗಪ್ಪನ ಪಾಲು, ಹೊಸ ಚೆಂಡಿಗೆ ದಂಡವಿಲ್ಲ. ಇಷ್ಟು ವಿವೇಕದ ನಿಯಮ ಹೆಸರಾಂತ ಕ್ಲಬ್ಬುಗಳ ಪುಸ್ತಕದಲ್ಲಿ ಒಂದಾದರೂ ಇದ್ದರೆ ತೋರಿಸಲಿ.

ಹುಲ್ಲಿಲ್ಲವೆಂದು ನಾಚಿಕೊಳ್ಳುವವರು ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯ ಕಥೆ ಕೇಳಬೇಕು. ಓಪಲ್ ಗಣಿಗಾರಿಕೆಯ ಆ ಊರಿನಲ್ಲಿ ಬಿಸಿಲಿಗೆ ಹೆದರಿ ಅನೇಕರು ನೆಲದಡಿಯ ಮನೆಗಳಲ್ಲಿ ವಾಸಿಸುತ್ತಾರೆ. ಅಲ್ಲಿನ ಗಾಲ್ಫ್ ಮೈದಾನದಲ್ಲಿ ಹದಿನೆಂಟು ಕುಳಿಗಳಿವೆ, ಹುಲ್ಲಿನ ಎಸಳಿಲ್ಲ. ಆಟಗಾರರು ಚೆಂಡನ್ನಿಟ್ಟು ಹೊಡೆಯಲು ಅಂಗೈಯಗಲದ ಹುಲ್ಲುಹಾಸನ್ನು ಕೈಯಲ್ಲೇ ಹಿಡಿದುಕೊಂಡು ತಿರುಗುತ್ತಾರೆ, ರಾತ್ರಿ ಹೊಳೆಯುವ ಚೆಂಡುಗಳಿಂದ ಆಡುತ್ತಾರೆ. ‘ಹುಲ್ಲನ್ನು ತುಳಿಯಬೇಡಿ’ ಎಂಬ ಫಲಕವನ್ನೂ ನೆಟ್ಟಿದ್ದಾರೆ. ತಮ್ಮ ಊರಿನ ನೆಲ ಎಂಥದೆಂದು ಬಲ್ಲವರ ತಮಾಷೆಯದು.

ಮೈದಾನವನ್ನು ಮೇಲೇರಿಸಲು ಹೊರಟ ನಮ್ಮ ಸಮಿತಿಗೆ ತಮಾಷೆ ಒಗ್ಗುವುದಿಲ್ಲ, ಅದಕ್ಕೆ ಬೇಕಿರುವುದು ‘ಬರ್ಮುಡಾ ಗ್ರಾಸ್’. ಹೆಸರು ಕೇಳಿಯೇ ಪುಳಕಗೊಂಡ ಸದಸ್ಯರ ಗಮನಕ್ಕೆ: ಸೈನೋಡಾನ್ ಡ್ಯಾಕ್ಟಿಲಾನ್ ಎಂಬ ಆ ಸಸ್ಯ ಗಣೇಶನ ತಲೆಯ ಮೇಲೆ ನಾವು ಏರಿಸುವ ಗರಿಕೆಯೇ. ಬೇಲಿಯ ಆಚೆ ರಾಗಿ ಹೊಲದವನು ಅದನ್ನು ಕಿತ್ತು ಕಿತ್ತು ಸೊಂಟ ಹಿಡಿಸಿಕೊಂಡಿದ್ದಾನೆ. ಬೇಲಿಯ ಈಚೆ ಅದನ್ನೇ ನೆಡಲು ಟೆಂಡರ್ ಕರೆಯಲಾಗಿದೆ. ಅವನಿಗೆ ಕೂಲಿ ಕೊಟ್ಟು, ಅವನ ಕಳೆಯನ್ನೇ ತಂದು ನೆಟ್ಟರೆ ಇಬ್ಬರಿಗೂ ಅನುಕೂಲವೆಂದು ನಾನು ಸೂಚಿಸಿದಾಗ, ನಮ್ಮ ಗರಿಕೆ ಅಂತಾರಾಷ್ಟ್ರೀಯ ಮಟ್ಟದ್ದಲ್ಲವೆಂದು ಉತ್ತರ ಬಂತು.

ಸರಿ, ನೆಡಲಿ, ನೀರು? ಸಾವಿರದೈನೂರು ಅಡಿ ಕೊರೆದು ಧೂಳು ಕಂಡ ಕೊಳವೆಬಾವಿಗಳು ಈ ಸೀಮೆಯಲ್ಲಿ ಎಷ್ಟಿಲ್ಲ? ‘ಕೆ.ಸಿ. ವ್ಯಾಲಿ ನೀರಿದೆಯಲ್ಲ’ ಎನ್ನುತ್ತಾರೆ. ಕೆ.ಸಿ. ಎಂದರೆ ಕೋರಮಂಗಲ–ಚಲ್ಲಘಟ್ಟ. ಬೆಂಗಳೂರಿನ ಆ ಚಲ್ಲಘಟ್ಟದ ಕೆರೆಯಂಗಳದಲ್ಲಿ ಈಗಿರುವುದು ಗಾಲ್ಫ್ ಮೈದಾನ. ಕೆರೆ ಹೋಗಿ ಅದರ ಹೆಸರಷ್ಟೇ ಉಳಿದು, ಆ ಹೆಸರಿನಲ್ಲಿ ರಾಜಧಾನಿಯ ಕೊಳಚೆ ಎರಡನೆಯ ಹಂತದವರೆಗೆ ಮಾತ್ರ ಶುದ್ಧಗೊಂಡು 2018ರಿಂದ ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಈಗ ಅದನ್ನೂ ಗಾಲ್ಫಿಗೇ ಸುರಿಯಬೇಕಂತೆ. ಇಲ್ಲಿಗೆ ನನ್ನ ನಗು ಮುಗಿಯಿತು. ಟ್ಯಾಂಕರಿನ ಹಿಂದೆ ಬಿಂದಿಗೆ ಸಾಲಿಟ್ಟು ನಿಂತ ಹೆಣ್ಣುಮಕ್ಕಳನ್ನು ದಾಟಿಕೊಂಡೇ ಆ ಮೈದಾನಕ್ಕೆ ಹೋಗಬೇಕು, ಸಮಿತಿಯವರ ಕಾರುಗಳೂ ದಾಟಿಯೇ ಹೋಗುತ್ತವೆ.

ಕಳೆದ ಭಾನುವಾರ ಏಳನೆಯ ಬ್ರೌನಿನ ಮೇಲೆ, ಬರಲಿರುವ ಕೊಳದ ಅಂಚನ್ನು ಗುರುತಿಸಲು ಸರ್ವೆಯವರು ಎಳೆದಿದ್ದ ಸುಣ್ಣದ ಗೆರೆಯಿತ್ತು. ಹಿರಿಯ ಕ್ಯಾಡಿ ಅದನ್ನೊಮ್ಮೆ ನೋಡಿ, “ಗೆರೆ ಇದ್ದರೆ ಚೆಂಡು ಓರೆ ಹೋಗ್ತದೆ ಸ್ವಾಮಿ” ಎಂದು ಹಗ್ಗವನ್ನು ಹೆಗಲಿಗೇರಿಸಿಕೊಂಡು, ಕುಳಿಯಿಂದ ಶುರುಮಾಡಿ ಗೋಣಿಚೀಲ ಎಳೆಯತೊಡಗಿದರು. ಮೂರನೆಯ ಸುತ್ತಿಗೆ ಕೊಳ ಅಳಿಸಿಹೋಗಿತ್ತು.