ಹಮಾಮ್‌ನ್ಯಾಗ ಮ್ಯೂಸಿಯಂ ಅದ, ನೀರಿನ ಸುದ್ದೀನೇ ಇಲ್ಲ

ಬೀದರ್ ಕೋಟಿ ನೋಡ್ಕೊಂಡು ಬಂದೋರಿಗೆ ಒಳಗಿನ ಮ್ಯೂಸಿಯಂ ಹೆಂಗಿತ್ರಿ ಅಂತ ಕೇಳಿ ನೋಡ್ರಿ, ಅರ್ಧ ಮಂದಿ "ಅಲ್ಲೊಂದು ಮ್ಯೂಸಿಯಂ ಅದಾ?" ಅಂತಾರ, ಉಳದೋರು "ಹೂಂ, ಕಲ್ಲು ಇಟ್ಟಾರ" ಅಂತಾರ. ಎರಡನೇ ಮಾತು ಪೂರಾ ಸುಳ್ಳೇನಲ್ಲ. ಹಳೆ ಮೂರ್ತಿ ಅದಾವ, ಆಯುಧ ಅದಾವ, ಜಲ್ದಿ ನೋಡಿದ್ರ ಜಲ್ದಿನೇ ಮುಗೀತದ. ಆದ್ರ ನಂಗ ಹಿಡಿಸಿದ್ದು ಒಳಗಿಟ್ಟ ಸಾಮಾನಲ್ಲ, ಆ ಕಟ್ಟಡ. ಅದು ಮೊದ್ಲು ಸುಲ್ತಾನರ ಹಮಾಮ್ ಆಗಿತ್ತು, ಜಳಕದ ಮನಿ.

ಈಗ ಸ್ವಲ್ಪ ವಿಚಾರ ಮಾಡ್ರಿ. ಬೀದರ್ ಇರೋದು ಎತ್ತರದ ಕೆಂಪುಕಲ್ಲಿನ ದಿನ್ನಿ ಮ್ಯಾಲ, ಮಾಂಜ್ರಾ ನದಿ ದೂರ ಕೆಳಗ ಹರೀತದ. ಅಂಥಾ ಜಾಗಕ್ಕ ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ ನಮ್ಮ ಕಲಬುರಗಿಯಿಂದ ರಾಜಧಾನಿನೇ ಎತ್ಕೊಂಡು ಹೋದ (ಕಲಬುರಗಿಯೋನಿಗೆ ಈ ಸಿಟ್ಟು ಆರ್ನೂರು ವರ್ಷ ಆದ್ರೂ ಹೋಗಂಗಿಲ್ಲ, ಇರ್ಲಿ ಬಿಡ್ರಿ). ಅರಮನಿ, ತೋಟ, ಸೈನ್ಯ, ಆನಿ ಕುದುರಿ, ಮ್ಯಾಲ ಈ ಹಮಾಮ್ ಬ್ಯಾರೆ, ಇಷ್ಟಕ್ಕೆಲ್ಲ ನೀರು ಎಲ್ಲಿಂದ ಬಂತು? ಜಳಕದ ಮನ್ಯಾಗ ನಿಂತು ಈ ಪ್ರಶ್ನೆಗೆ ಒಂದು ಬೋರ್ಡ್ ಹುಡುಕಿದೆ, ನನ್ನ ಕಣ್ಣಿಗಂತೂ ಬೀಳಲಿಲ್ಲ.

ಊರಿಗೆ ನೀರು ಹೆಂಗ ಬರ್ತಿತ್ತು ಅಂತ ತಿಳೀಬೇಕಂದ್ರ ಕೋಟಿ ಬಿಟ್ಟು ನೌಬಾದ್‌ಗೆ ಹೋಗ್ಬೇಕು. ಅಲ್ಲಿ ಕಾರೇಜ್ ಅದ, ಸುರಂಗ ಬಾವಿ ಅಂತೀವಲ್ಲ ಅದು, ಮೂಲ ಇರಾನ್ ಕಡೀ ವಿದ್ಯೆ. ಕೆಂಪುಕಲ್ಲಿನ ತುಂಬ ತೂತು, ಮಳಿನೀರು ಜಿನುಗಿ ಕೆಳಗಿಳೀತದ, ಕೆಳಗಿನ ಗಟ್ಟಿ ಕರಿಕಲ್ಲು ಅದನ್ನ ಮುಂದ ಬಿಡಂಗಿಲ್ಲ, ಎರಡರ ನಡುವ ನೀರು ನಿಲ್ತದ. ಆ ನೀರಿರೋ ಮಟ್ಟಕ್ಕ ಸುರಂಗ ಕೊರದು, ಚೂರೇ ಚೂರು ಇಳಿಜಾರು ಕೊಟ್ಟು ಬಿಟ್ಟಾರ, ನೀರು ತಾನೇ ನಡ್ಕೊಂಡು ಬರ್ತದ, ಎತ್ತು ಬ್ಯಾಡ ಮೋಟಾರ್ ಬ್ಯಾಡ. ನಡುನಡುವ ಮ್ಯಾಲಿಂದ ಬಾವಿ ತೋಡ್ಯಾರ, ಗಾಳಿ ಬೆಳಕಿಗೂ ಆತು, ಹೂಳು ತಗ್ಯಾಕೂ ಆತು. ಎಷ್ಟೋ ವರ್ಷ ಮಣ್ಣು ತುಂಬಿ ಮುಚ್ಚಿದ್ದನ್ನ ಇತ್ತೀಚಿಗೆ ಸ್ವಚ್ಛ ಮಾಡ್ಯಾರ. ಇದರದ್ದೊಂದು ಮಾಡೆಲ್ ಆ ಹಮಾಮ್‌ನ್ಯಾಗ ಇಟ್ರ ಸಾಲಿ ಹುಡುಗ್ರು ಕತ್ತಿ ನೋಡೋದು ಬಿಟ್ಟು ಅದರ ಮುಂದನೇ ನಿಲ್ತಾವ.

ಕೋಟಿಯೊಳಗ ರಂಗೀನ್ ಮಹಲ್ ಒಂದು ಬಿಡಬ್ಯಾಡ್ರಿ, ಕರಿಕಲ್ಲಿನ್ಯಾಗ ಮುತ್ತಿನಚಿಪ್ಪು ಕೂಡಿಸ್ಯಾರ. ಆಮೇಲೆ ಹೊರಗ ಬಂದು ನಡ್ಕೊಂಡೇ ಹಳೆ ಊರಿಗೆ ಹೋಗ್ರಿ. ದಾರ್‍ಯಾಗ ಮಹಮೂದ್ ಗವಾನನ ಮದರಸಾ, 1472ರದ್ದು. ನಾಲ್ಕು ದಿಕ್ಕಿಗೂ ಹೋಗಿ ನೋಡ್ರಿ, ಒಂದು ಕಡಿ ನೀಲಿ ಹಸರು ಹೆಂಚು, ಇನ್ನೊಂದು ಕಡಿ ಬರೇ ಬೋಳು ಗೋಡಿ, ಎರಡಿದ್ದ ಮಿನಾರ್‌ನ್ಯಾಗ ಉಳದದ್ದು ಒಂದೇ. ಇರಾನಿನಿಂದ ಬಂದು ಈ ರಾಜ್ಯಾನ ಸಮುದ್ರದಿಂದ ಸಮುದ್ರದ ತನಕ ಬೆಳಸಿದ ಈ ವಜೀರ ಗವಾನನ ತಲೀನ 1481ರಾಗ ಖೋಟಾ ಪತ್ರ ನಂಬಿ ಸುಲ್ತಾನನೇ ತೆಗಸಿದ. ಆಫೀಸ್ ರಾಜಕೀಯ ಇವತ್ತಿಂದಲ್ಲ ಬಿಡ್ರಿ.

ಮುಂದ ಚೌಬಾರ ಅನ್ನೋ ಹಳೆ ಕಾವಲು ಗೋಪುರ, ಅದರ ಆಸುಪಾಸು ಬಿದ್ರಿ ಕೆಲಸದೋರ ಅಂಗಡಿ, ಕಪ್ಪು ಲೋಹದಾಗ ಬೆಳ್ಳಿ ಕೂಡಿಸೋ ಕೆಲಸ ಅದು. ಒಂದ್ಕಡಿ ಕುಂತು ನೋಡಿದೆ. ಜಸ್ತ, ತಾಮ್ರ ಕೂಡ್ಸಿ ಎರಕ ಹೊಯ್ದ ಹೂದಾನಿಗೆ ತುತ್ತದ ನೀರು ಹಚ್ಚಿ ಕಪ್ಪು ಮಾಡ್ಕೊಂಡು, ಕೈಲೇ ಹೂ ಬರದು, ಚಾಣದಿಂದ ಗೀರು ಕೊರದು, ಆ ಗೀರಿನ್ಯಾಗ ಕೂದಲೆಳಿಯಂಥ ಬೆಳ್ಳಿ ತಂತಿ ಇಟ್ಟು ಸುತ್ತಿಗಿಲೆ ಟಕ್ ಟಕ್ ಟಕ್. ಎಲ್ಲಾ ಮುಗದ ಮ್ಯಾಲ ನವಸಾಗರ ಮತ್ತ ಕೋಟಿ ಮಣ್ಣು ಹಾಕಿದ ಕುದಿನೀರಿಗೆ ಬಿಡ್ತಾರ, ಲೋಹ ಕಾಡಿಗಿ ಕಪ್ಪು ಆಗ್ತದ, ಬೆಳ್ಳಿಗೆ ಏನೂ ಆಗಂಗಿಲ್ಲ. ಮಣ್ಣು ಎಲ್ಲಿದಾದ್ರೂ ನಡೀತದೇನ್ ಕಾಕಾ ಅಂದ್ರ, "ಮಳಿ ಬಿಸಲು ಕಾಣದ ಹಳೆ ಗೋಡಿ ಮಣ್ಣೇ ಬೇಕಪ್ಪ, ನಾಲಗಿಗೆ ಹಚ್ಚಿ ನೋಡ್ತೀವಿ" ಅಂದ್ರು. 2006ರಾಗ ಇದಕ್ಕ, ಇದು ಈ ಊರಿನದೇ ಕೆಲಸ ಅಂತ ಹೇಳೋ ಜಿಐ ಟ್ಯಾಗ್ ಸಿಕ್ಕದ, 2023ರಾಗ ಇಲ್ಲಿಯವ್ರೇ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆ ಮಣ್ಣು ಒಂದು ಹಿಡಿ, ಅರ್ಧ ಕೆಲಸ ಆದ ಹೂದಾನಿ ಒಂದು, ಪೂರಾ ಆದದ್ದೊಂದು, ಇಷ್ಟು ಮ್ಯೂಸಿಯಂದಾಗ ಇಡಾಕ ಎಷ್ಟು ರೊಕ್ಕ ಬೇಕ್ರಿ? ರಾಜರ ಕತ್ತಿ ಎಲ್ಲಾ ಊರಾಗೂ ಸಿಗ್ತಾವ. ನೀರು ಮತ್ತ ಮಣ್ಣಿನ ಈ ಕತಿ ಬೀದರ್‌ದಾಗೇ ಇರೋದು, ಅದನ್ನ ಅಲ್ಲೇ ಹೇಳ್ಲಿಲ್ಲಂದ್ರ ಮತ್ತೆಲ್ಲಿ ಹೇಳೋರು.

ಹೋಗೋರು ನನ್ನ ಮಾತು ಕೇಳಿ ಉಲ್ಟಾ ಹೋಗ್ರಿ, ಮುಂಜಾನೆ ನೌಬಾದ್, ಆಮೇಲೆ ಚೌಬಾರ, ಮದರಸಾ, ಕಡೀಗೆ ಕೋಟಿ ಮತ್ತ ಮ್ಯೂಸಿಯಂ. ಊರ ಹೊರಗಿನ ಅಷ್ಟೂರಿನ್ಯಾಗ ಬಹಮನಿ ಸುಲ್ತಾನರ ಗೋರಿ ಗುಂಬಜ್ ಅದಾವ, ಅವಕ್ಕ ಬ್ಯಾರೆ ದಿನಾನೇ ಇಟ್ಕೊರಿ, ಅಹ್ಮದ್ ಷಾನ ಗುಂಬಜ್ ಒಳಗ ಕತ್ತಲಿ ಭಾಳ, ಬಿಸಲು ಇದ್ದಾಗ ಹೋದ್ರನೇ ಛತ್ತಿನ ಬಣ್ಣ ಕಾಣ್ತದ. ಆಟೋದವ್ರ ಜೊತಿ ಹೋಗಿಬರೋ ರೊಕ್ಕ ಮೊದ್ಲೇ ಮಾತಾಡ್ಕೊರಿ.