ಕೂಲಿ ಕೇಳಿದ್ದಕ್ಕೆ ಸಮುದ್ರದಾಚೆ: ಜೇಮ್ಸ್ ಹ್ಯಾಮೆಟ್ ಬಗ್ಗೆ

ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿದ ಬ್ರಿಟಿಷ್ ಕೈದಿಗಳು ಅಂದ ತಕ್ಷಣ ಕಳ್ರು, ಕೊಲೆಗಡುಕ್ರು ಅಂದ್ಕೊಳ್ಳೋರು ತುಂಬಾ ಜನ, ಇನ್ನು ಕೆಲವರು ಬಿಡಿ ಒಳ್ಳೇದೇ ಆಯ್ತು, ಅಲ್ಲಿ ಜಮೀನು ಮಾಡ್ಕೊಂಡು ಆರಾಮಾಗಿದ್ರಲ್ಲ ಅಂತಾರೆ. 1788ರಿಂದ 1868ರ ತನಕ ಹೆಚ್ಚುಕಡಿಮೆ 1,62,000 ಜನರನ್ನ ಸಾಗಿಸಿದ್ರು, ಅದ್ರಲ್ಲಿ ಎಲ್ಲಾ ಥರದವರೂ ಇದ್ರು ನಿಜ. ಆದ್ರೆ ಜೇಮ್ಸ್ ಹ್ಯಾಮೆಟ್ ಕಥೆ ಗೊತ್ತಾದ ಮೇಲೆ ಈ ಎರಡು ಮಾತೂ ನನಗೆ ಸಹಿಸೋಕಾಗಲ್ಲ.

ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯ ಟೋಲ್‌ಪಡಲ್ ಅನ್ನೋ ಸಣ್ಣ ಹಳ್ಳಿ. ಹೊಲದ ಕೂಲಿ ವಾರಕ್ಕೆ 9 ಶಿಲ್ಲಿಂಗ್ ಇದ್ದಿದ್ದು 8 ಆಯ್ತು, ಆಮೇಲೆ 7, ಮುಂದೆ 6ಕ್ಕೆ ಇಳಿಸ್ತೀವಿ ಅಂತ ಬೆದರಿಕೆ. ಹೆಂಡ್ತಿ ಮಕ್ಕಳ ಹೊಟ್ಟೆ ತುಂಬೋದು ಹೇಗೆ? 1833ರಲ್ಲಿ ಜಾರ್ಜ್ ಲವ್‌ಲೆಸ್ ಅನ್ನೋ ಕೂಲಿಯವನ ಮುಂದಾಳತ್ವದಲ್ಲಿ ಸಂಘ ಕಟ್ಟಿದ್ರು, ಇವನು ಮೆಥಡಿಸ್ಟ್ ಅನ್ನೋ ಕ್ರೈಸ್ತ ಪಂಥದ ಬೋಧಕ ಕೂಡ. ಸಂಘ ಸೇರೋರು ಗುಟ್ಟಾಗಿ ಪ್ರಮಾಣ ಮಾಡ್ಬೇಕಿತ್ತು. ಸಂಘ ಕಟ್ಟೋದು ಆಗ ಕಾನೂನು ಪ್ರಕಾರ ಅಪರಾಧ ಆಗಿರಲೇ ಇಲ್ಲ, ಆ ನಿಷೇಧ 1824ರಲ್ಲೇ ಹೋಗಿತ್ತು. ಹಾಗಾಗಿ ನೌಕಾಪಡೆಯ ದಂಗೆ ಕಾಲದಲ್ಲಿ, 1797ರಲ್ಲಿ ಮಾಡಿದ ಗುಪ್ತ ಪ್ರಮಾಣದ ಕಾಯ್ದೆ ಹುಡುಕಿ ತೆಗೆದು ಆರು ಜನರ ಮೇಲೆ ಹಾಕಿದ್ರು. ಜ್ಯೂರಿಯ ಮುಖ್ಯಸ್ಥ ಯಾರು ಅಂದ್ರೆ ಗೃಹಮಂತ್ರಿ ಮೆಲ್ಬರ್ನ್‌ನ ಭಾವಮೈದ! 1834ರ ಮಾರ್ಚ್‌ನಲ್ಲಿ ಆರೂ ಜನಕ್ಕೆ 7 ವರ್ಷ ಗಡಿಪಾರು.

ಆ ಆರರಲ್ಲಿ ಒಬ್ಬ ಹ್ಯಾಮೆಟ್, ಆಗ 22 ವರ್ಷ. ಪ್ರಮಾಣ ಮಾಡಿದ ರಾತ್ರಿ ಇವನು ಅಲ್ಲಿರಲಿಲ್ಲ, ಇದ್ದಿದ್ದು ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜಾನ್. ಜಾನ್ ಹೆಂಡತಿ ಬಸುರಿ ಅಂತ ಇವನು ಬಾಯಿ ಬಿಡದೆ ಅವನ ಬದಲು ತಾನೇ ಹೋದ ಅಂತಾರೆ. ಇವನಿಗೂ ಹೆಂಡ್ತಿ ಇದ್ಲು, ಮಗು ಇತ್ತು. ಊರಲ್ಲಿ ಉಳಿದ ಹೆಂಗಸ್ರು ಪ್ಯಾರಿಷ್‌ನಿಂದ, ಅಂದ್ರೆ ಬಡವರಿಗೆ ನೆರವು ಕೊಡೋ ಊರಿನ ಚರ್ಚ್ ಆಡಳಿತದಿಂದ, ನೆರವು ಕೇಳಿದ್ರೆ ಅದನ್ನೂ ಕೊಡಬೇಡಿ ಅಂದ ಮ್ಯಾಜಿಸ್ಟ್ರೇಟ್ ಜೇಮ್ಸ್ ಫ್ರ್ಯಾಂಪ್ಟನ್, ಸಂಘಕ್ಕೆ ಚಂದಾ ಕಟ್ಟೋಕೆ ದುಡ್ಡಿತ್ತಲ್ಲ, ಬದುಕೋಕೂ ಇರುತ್ತೆ ಅನ್ನೋ ವಾದ. ಈ ಮಾತು ಓದಿದಾಗಲೆಲ್ಲ ಮೈ ಉರಿಯುತ್ತೆ ನನಗೆ.

ಜಾರ್ಜ್‌ನ ವ್ಯಾನ್ ಡೀಮನ್ಸ್ ಲ್ಯಾಂಡ್‌ಗೆ, ಅಂದ್ರೆ ಇವತ್ತಿನ ಟಾಸ್ಮೇನಿಯಾಗೆ ಕಳಿಸಿದ್ರು, ಉಳಿದ ಐದು ಜನ ಸರ್ರಿ ಅನ್ನೋ ಹಡಗಲ್ಲಿ ಸಿಡ್ನಿಗೆ. ಒಂದು ತಾರೀಕು ಗಮನಿಸಿ. 1834ರ ಆಗಸ್ಟ್ 1ಕ್ಕೆ ಬ್ರಿಟಿಷ್ ಸಾಮ್ರಾಜ್ಯದ ಬಹುಪಾಲು ಕಡೆ ಗುಲಾಮಗಿರಿ ರದ್ದತಿ ಕಾಯ್ದೆ ಜಾರಿಗೆ ಬಂತು, ಲಂಡನ್ನಿನಲ್ಲಿ ಎಲ್ರೂ ಬೆನ್ನು ತಟ್ಕೊಳ್ತಿದ್ದಾಗ ಈ ಐದು ಜನ ಇನ್ನೂ ಸಮುದ್ರದ ಮೇಲಿದ್ರು. ಇಳಿದ ಮೇಲೆ ಒಬ್ಬೊಬ್ಬ ಜಮೀನ್ದಾರನಿಗೆ ಒಬ್ಬೊಬ್ಬರನ್ನ ಹಂಚಿದ್ರು, ಊಟ ಬಟ್ಟೆ ಅಷ್ಟೇ, ಕೂಲಿ ಇಲ್ಲ. ಗುಲಾಮಗಿರಿಗೂ ಇದಕ್ಕೂ ವ್ಯತ್ಯಾಸ ಇದೆ ಅಂತ ನನಗೂ ಗೊತ್ತು, ಇದಕ್ಕೆ ಅವಧಿ ಇತ್ತು, ಮಕ್ಕಳಿಗೆ ಅಂಟ್ತಿರಲಿಲ್ಲ. ಆದ್ರೆ ಹ್ಯಾಮೆಟ್ ಮುಂದೆ ಹೇಳಿದ್ದು ತನ್ನನ್ನ ಒಂದು ಪೌಂಡ್‌ಗೆ ಮಾರಿದ್ರು ಅಂತ. ಸಿಡ್ನಿಯಿಂದ ಕ್ವೀನ್‌ಬಿಯನ್ ಕಡೆಯ ಫಾರ್ಮ್‌ಗೆ ದಿನಗಟ್ಟಲೆ ನಡ್ಕೊಂಡೇ ಹೋದ. ಇನ್ನೊಬ್ಬ, ಜೇಮ್ಸ್ ಬ್ರೈನ್, ದಾರಿಯಲ್ಲಿ ದರೋಡೆಕೋರರು ಎಲ್ಲಾ ಕಿತ್ಕೊಂಡ್ರು, ಬರಿಗಾಲಲ್ಲಿ ಅಗೆಯೋಕೆ ಆಗದೆ ಕಬ್ಬಿಣದ ಪಟ್ಟಿ ಕಾಲಿಗೆ ಸುತ್ಕೊಂಡು ಗುದ್ದಲಿ ತುಳೀತಿದ್ದ, ಆಮೇಲೆ ಎದೆಮಟ್ಟ ನೀರಲ್ಲಿ ನಿಂತು 17 ದಿನ ಕುರಿ ತೊಳೆದ.

ಇವರನ್ನ ಬಿಡಿಸಿದ್ದು ಯಾವ ದೊರೆಯ ಕರುಣೆಯೂ ಅಲ್ಲ, ಜನ. ಲಂಡನ್ನಿನ ಕೋಪನ್‌ಹೇಗನ್ ಫೀಲ್ಡ್ಸ್‌ನಲ್ಲಿ ಹತ್ತಾರು ಸಾವಿರ ಕೆಲಸಗಾರರು ಸೇರಿದ್ರು, ಲಕ್ಷಾಂತರ ಸಹಿ ಹಾಕಿದ್ರು, 1836ರ ಮಾರ್ಚ್‌ನಲ್ಲಿ ಪೂರ್ತಿ ಕ್ಷಮಾದಾನ ಬಂತು. ಹ್ಯಾಮೆಟ್ ಊರು ಸೇರಿದ್ದು ಮಾತ್ರ 1839ರಲ್ಲಿ, ಎಲ್ಲರಿಗಿಂತ ಕೊನೆಗೆ.

ಉಳಿದ ಐದು ಜನ ಕೆನಡಾಕ್ಕೆ ಹೋಗಿ ನೆಲೆಸಿದ್ರು, ಹ್ಯಾಮೆಟ್ ಟೋಲ್‌ಪಡಲ್‌ನಲ್ಲೇ ಉಳ್ಕೊಂಡ. ಜಾರ್ಜ್ ತನ್ನ ಅನುಭವ ಬರೆದು ಅಚ್ಚು ಹಾಕಿಸಿದ, ಹ್ಯಾಮೆಟ್ ಹೆಚ್ಚು ಮಾತಾಡಲೇ ಇಲ್ಲ, ಅದಕ್ಕೇ ಜನ ಜಾರ್ಜ್ ಹೆಸರು ಮಾತ್ರ ಹೇಳ್ತಾರೆ ಅನ್ಸುತ್ತೆ. 1875ರಲ್ಲಿ ಕೃಷಿ ಕಾರ್ಮಿಕರ ಸಂಘದವರು ಕರೆದು ಗಡಿಯಾರ ಕೊಟ್ಟು ಸನ್ಮಾನ ಮಾಡಿದ್ರು. ಮುಪ್ಪಿನಲ್ಲಿ ಕಣ್ಣು ಹೋಯ್ತು, ಮನೆಯವರಿಗೆ ಹೊರೆ ಆಗಬಾರ್ದು ಅಂತ ಡಾರ್ಚೆಸ್ಟರ್‌ನ ವರ್ಕ್‌ಹೌಸ್, ಅಂದ್ರೆ ನಿರ್ಗತಿಕರನ್ನ ಇಡೋ ಸರ್ಕಾರಿ ಆಶ್ರಯ, ಸೇರಿ 1891ರಲ್ಲಿ ಅಲ್ಲೇ ತೀರಿಕೊಂಡ. ಅಷ್ಟು ವರ್ಷದ ಬಿಟ್ಟಿ ದುಡಿಮೆಯ ಕೂಲಿ ಅವನಿಗೆ ಯಾವತ್ತೂ ಸಿಗಲಿಲ್ಲ, ಕ್ಷಮಿಸಿದ್ದೀವಿ ಅಂದ ಸರ್ಕಾರ ಶಿಕ್ಷೆ ಕೊಟ್ಟಿದ್ದೇ ಅನ್ಯಾಯ ಅಂತ ಅವನಿಗೆ ಹೇಳಬೇಕಿತ್ತು.