ಸತ್ಯಾಂಶ: ಟೀನ್ ಸ್ಪಿರಿಟ್ ಒಂದು ಡಿಯೋಡರೆಂಟ್

‘ಅಮೆರಿಕದ ನಿರ್ವಾಣ ರಾಕ್ ಬ್ಯಾಂಡಿನ ಹಾಡಿಗಿರೋ ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್ ಅನ್ನೋ ಹೆಸರು ಅದರ ಗಾಯಕ ಕರ್ಟ್ ಕೋಬೇನ್ ಕಟ್ಟಿದ ಕ್ರಾಂತಿಯ ಘೋಷಣೆ, ಬಿಡುಗಡೆಯಾದ ಕೂಡಲೇ ಹಾಡು ಅಮೆರಿಕದಲ್ಲಿ ನಂಬರ್ ಒನ್’ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಎರಡೂ ಸರಿಯಲ್ಲ.

ಟೀನ್ ಸ್ಪಿರಿಟ್ ಅನ್ನೋದು ಹುಡುಗಿಯರಿಗೆಂದು ಮಾರುತ್ತಿದ್ದ ಡಿಯೋಡರೆಂಟ್. ಕರ್ಟ್ ಮೈಯಿಂದ ಅದರ ವಾಸನೆ ಬರ್ತಿದೆ ಅಂತ ಸ್ನೇಹಿತೆ, ಗಾಯಕಿ ಕ್ಯಾಥ್ಲೀನ್ ಹ್ಯಾನಾ ಗೋಡೆ ಮೇಲೆ ತಮಾಷೆಗೆ ಗೀಚಿದ್ದರು. ಪಾಪ, ಕರ್ಟ್‌ಗೆ ಅದು ಘೋಷಣೆಯಂತೆ ಕಂಡಿತು! ಡಿಯೋಡರೆಂಟ್ ವಿಷಯ ಗೊತ್ತಾಗಿದ್ದು ಹಾಡು ಹೊರಬಂದು ತಿಂಗಳುಗಳಾದ ಮೇಲೆ ಅಂತ ಕರ್ಟ್ ಅವರೇ ಹೇಳಿದ್ದರು.

ಹಾಡು ಸಿಂಗಲ್ ಆಗಿ (ಬಿಡಿಯಾಗಿ) ಬಂದದ್ದು 1991ರ ಸೆಪ್ಟೆಂಬರ್ 10ರಂದು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಅದು 6ನೇ ಸ್ಥಾನ ದಾಟಲೇ ಇಲ್ಲ, ಅದೂ 1992ರ ಜನವರಿಯಲ್ಲಿ. ಅದೇ ತಿಂಗಳು ಆಲ್ಬಮ್‌ಗಳ ಪಟ್ಟಿಯಲ್ಲಿ ಮೈಕಲ್ ಜಾಕ್ಸನ್ ಅವರ ‘ಡೇಂಜರಸ್’ ಅನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೇರಿದ್ದು ಈ ಹಾಡಿರುವ ‘ನೆವರ್‌ಮೈಂಡ್’ ಆಲ್ಬಮ್. ಗೊಂದಲ ಅಲ್ಲಿಂದಲೇ ಹುಟ್ಟಿರಬೇಕು.